ದಂಡಿಗೆ ಹೋಗಿ ಮರಳದ ಹಿರಿಯರನ್ನು ಹುಡುಕುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿ, ಶಿಕಾರಿಪುರ ಕಡೆಯವರು ಈ ವಿಷಯದಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಅದಕ್ಕೇ ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ. ಕೇಳುವವರಲ್ಲಿ ಬಹಳ ಮಂದಿಗೆ ಬೇಕಿರುವುದು ಒಂದು ಹೆಸರು, ಒಂದು ಜಾಗ, ಒಂದು ದಿನಾಂಕ. ರೋಚಕ ವೀರಗಾಥೆಯನ್ನೇ ಹುಡುಕಿಕೊಂಡು ಬಂದವರಿಗೆ ಇದು ಸ್ವಲ್ಪ ಸಪ್ಪೆ ಅನ್ನಿಸಬಹುದು.

“ಮುತ್ತಜ್ಜ ದಂಡಿಗೆ ಹೋದವ ವಾಪಸ್ ಬರಲಿಲ್ಲ” ಅನ್ನುವ ಒಂದು ಮಾತು ಬಿಟ್ಟರೆ ಮನೆಯಲ್ಲಿ ಯಾರಿಗೂ ಏನೂ ಗೊತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಕಂಪ್ಯೂಟರಿನಿಂದಂತೂ ಬೇಡ. ಮೊದಲು ಮನೆಯ ಹಿರಿಯ ಹೆಂಗಸರ ಹತ್ತಿರ ಕೂತು ಮಾತಾಡಿ. ಗಂಡಸರನ್ನು ಕೇಳಿದರೆ ಜಮೀನಿನ ಕಥೆ ಹೇಳುತ್ತಾರೆ. ಯಾವ ಮಗು ತೊಟ್ಟಿಲಲ್ಲಿದ್ದಾಗ ಅಪ್ಪ ಹೋದ, ಮನೆಗೆ ತಾರು ಬಂದಾಗ ಓದಿ ಹೇಳಿದವರು ಯಾರು, ಆಮೇಲೆ ಹೆಂಡತಿ ತವರಿಗೆ ಹೋದಳಾ ಇಲ್ಲೇ ಉಳಿದಳಾ, ಇವೆಲ್ಲ ಹೆಂಗಸರ ನೆನಪಿನಲ್ಲಿ ಉಳಿದಿರುತ್ತವೆ. ಬೇರೆ ಊರಿಗೆ ಕೊಟ್ಟ ಹೆಣ್ಣುಮಕ್ಕಳ ಮನೆಗಳನ್ನೂ ಬಿಡಬೇಡಿ. ಹಿಸ್ಸೆಯಾದಾಗ ಪಾತ್ರೆ, ಒಡವೆ ಹೋದ ಹಾಗೆ ಫೋಟೋ, ಟ್ರಂಕು, ಪದಕಗಳೂ ಅಲ್ಲಿಗೆ ಹೋಗಿರುತ್ತವೆ.

ಇಸವಿ ಕೇಳಬೇಡಿ, ಯಾರಿಗೂ ಗೊತ್ತಿರುವುದಿಲ್ಲ. ಬೇರೆ ಥರ ಕೇಳಿ. ತಾಳಗುಪ್ಪಕ್ಕೆ ರೈಲು ಬರುವ ಮೊದಲಾ ಆಮೇಲಾ? ಭದ್ರಾವತಿ ಕಬ್ಬಿಣದ ಕಾರ್ಖಾನೆ ಆಗಿತ್ತಾ? (ಅದು ಕೆಲಸ ಶುರು ಮಾಡಿದ್ದು 1923ರಲ್ಲಿ.) ಊರೂರಿಗೆ ಜ್ವರ ಬಂದು ಜನ ಸತ್ತರಲ್ಲ, ಆ 1918ರ ಹೊತ್ತಾ? ಸೀಮೆಎಣ್ಣೆಗೂ ಅಕ್ಕಿಗೂ ರೇಷನ್ ಇದ್ದ ಕಾಲವಾ? ಎರಡು ಮೂರು ಉತ್ತರ ಸಿಕ್ಕರೆ ಮೊದಲ ಮಹಾಯುದ್ಧವೋ ಎರಡನೆಯದೋ ತೀರ್ಮಾನವಾಗುತ್ತದೆ.

ಆಮೇಲೆ ಅಟ್ಟ ಹತ್ತಿ. ಪಿಂಚಣಿ ಪುಸ್ತಕ, ಮನಿಯಾರ್ಡರ್ ರಸೀದಿ, ಇಂಗ್ಲಿಷ್ ಇಲ್ಲವೇ ಉರ್ದುವಿನಲ್ಲಿರುವ ಹಳದಿಯಾದ ಕಾಗದ, ಪದಕ, ಯಾವುದನ್ನೂ ಎಸೆಯಬೇಡಿ. ಅಂಗೈಗಿಂತ ದೊಡ್ಡದಾದ, ಸಿಂಹದ ಜೊತೆ ಒಬ್ಬ ಹೆಂಗಸು ನಿಂತಿರುವ ಚಿತ್ರದ ದುಂಡನೆಯ ಕಂಚಿನ ತಟ್ಟೆ ಸಿಕ್ಕರೆ ಅರ್ಧ ಕೆಲಸ ಆಯಿತು ಅಂದುಕೊಳ್ಳಿ. ಮೊದಲ ಮಹಾಯುದ್ಧದಲ್ಲಿ ಸತ್ತವರ ಮನೆಗಳಿಗೆ ಬ್ರಿಟಿಷ್ ಸರ್ಕಾರ ಕೊಟ್ಟ ಫಲಕ ಅದು. ಸತ್ತವರ ಹೆಸರು ಅದರ ಮೇಲೇ ಉಬ್ಬಿಕೊಂಡಿರುತ್ತದೆ, ಹುದ್ದೆ ಮಾತ್ರ ಇರುವುದಿಲ್ಲ.

ಪದಕ ಇದೆ. ಅದರಿಂದ ಏನು ತಿಳಿಯುತ್ತದೆ?

ಮೊದಲ ಮಹಾಯುದ್ಧದ ಪದಕವಾದರೆ ಅಂಚನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ. ಸಿಪಾಯಿಯ ಸಂಖ್ಯೆ, ಹೆಸರು, ದಳದ ಹೆಸರು ಅಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ಹುಣಸೆಹಣ್ಣು, ಬೂದಿ, ಬ್ರಾಸೋ ಯಾವುದನ್ನೂ ಹಾಕಿ ತಿಕ್ಕಬೇಡಿ, ಅಕ್ಷರ ಸವೆದುಹೋಗುತ್ತದೆ. ಸ್ವಾತಂತ್ರ್ಯದ ನಂತರದವರಾದರೆ ಪದಕವೇ ಯುದ್ಧವನ್ನು ಹೇಳುತ್ತದೆ. ಸಮರ ಸೇವಾ ಸ್ಟಾರ್ 1965ರದ್ದು. ಪೂರ್ವಿ ಸ್ಟಾರ್, ಪಶ್ಚಿಮಿ ಸ್ಟಾರ್ 1971ರವು.

ಮಲೆನಾಡಿನವರು ನಿಜವಾಗಿ ಮಹಾಯುದ್ಧಕ್ಕೆ ಹೋಗಿದ್ದರಾ? ಅದೆಲ್ಲ ಪಂಜಾಬಿನವರ ಕಥೆಯಲ್ಲವಾ?

ಪಂಜಾಬಿನಿಂದ ಹೋದವರೇ ಹೆಚ್ಚು, ಅದು ಹೌದು. ಮೊದಲ ಮಹಾಯುದ್ಧಕ್ಕೆ ಅಖಂಡ ಭಾರತದಿಂದ ಹತ್ತು ಲಕ್ಷಕ್ಕೂ ಮೀರಿ ಜನ ಹೋದರು, ಸುಮಾರು 74,000 ಮಂದಿ ಸತ್ತರು. ಎರಡನೆಯದಕ್ಕೆ ಸೇರಿದವರು ಸುಮಾರು 25 ಲಕ್ಷ, ಸತ್ತವರು ಸುಮಾರು 87,000. ಈ ಲೆಕ್ಕದಲ್ಲಿ ನಮ್ಮ ಕಡೆಯವರು ಕಡಿಮೆ. ಕಡಿಮೆ ಅಂದ ಮಾತ್ರಕ್ಕೆ ಇಲ್ಲವೆಂದಲ್ಲ.

ಶಿವಮೊಗ್ಗ ಮತ್ತು ಕಡೂರು (ಈಗಿನ ಚಿಕ್ಕಮಗಳೂರು) ಜಿಲ್ಲೆಗಳು ಮೈಸೂರು ಸಂಸ್ಥಾನದಲ್ಲಿದ್ದವು. ಸಂಸ್ಥಾನದ ರಿಸಾಲೆ, ಅಂದರೆ ಮೈಸೂರು ಲ್ಯಾನ್ಸರ್ಸ್, 1914ರಲ್ಲೇ ಈಜಿಪ್ಟಿಗೆ ಹೋಯಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಕುದುರೆ ದಳದ ಜೊತೆ ಸೇರಿ ಈಗಿನ ಇಸ್ರೇಲಿನ ಹೈಫಾ ಪಟ್ಟಣವನ್ನು ಹಿಡಿದದ್ದು ಇದೇ ದಳ. ದೆಹಲಿಯ ತೀನ್ ಮೂರ್ತಿ ವೃತ್ತದ ಮೂರು ಪ್ರತಿಮೆಗಳು ಮೈಸೂರು, ಜೋಧಪುರ, ಹೈದರಾಬಾದ್ ಸಂಸ್ಥಾನಗಳ ದಳಗಳ ಹೆಸರಿನಲ್ಲಿವೆ. ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. ಕುದುರೆ ಹತ್ತದವರು ಸಂಸ್ಥಾನದ ಸಾರಿಗೆ ದಳದಲ್ಲಿ ಗಾಡಿ, ಹೇಸರಗತ್ತೆ ಹೊಡೆದುಕೊಂಡು ಮೆಸಪೊಟೇಮಿಯಾಕ್ಕೆ, ಅಂದರೆ ಈಗಿನ ಇರಾಕಿಗೆ ಹೋದರು. ಮನೆಯ ಮಾತಿನಲ್ಲಿ “ಬಸ್ರಾ” ಬಂದರೆ ಇದನ್ನು ನೆನಪಿಟ್ಟುಕೊಳ್ಳಿ.

ಎರಡನೇ ಮಹಾಯುದ್ಧದಲ್ಲಿ ಸಂಸ್ಥಾನದ ಕಾಲ್ದಳವೊಂದು ಸಿಂಗಪುರದಲ್ಲಿತ್ತು. 1942ರ ಫೆಬ್ರವರಿ 15ರಂದು ಸಿಂಗಪುರ ಜಪಾನಿನ ವಶವಾದಾಗ ಅವರೂ ಸೆರೆಯಾದರು. ಇದಲ್ಲದೆ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ (ಸೈನ್ಯದ ಎಂಜಿನಿಯರ್ ದಳ), ಬೆಳಗಾವಿಯ ಮರಾಠಾ ದಳ, ಮದ್ರಾಸ್ ರೆಜಿಮೆಂಟ್ ಇವುಗಳಿಗೂ ಕನ್ನಡದವರು ಸೇರುತ್ತಿದ್ದರು. ಒಂದು ವಿಷಯ ಮರೆಯಬೇಡಿ: ಘಟ್ಟದ ಕೆಳಗಿನ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯ, ಸಿರ್ಸಿ ಸಿದ್ದಾಪುರ ಬೊಂಬಾಯಿ ಪ್ರಾಂತ್ಯ. ಅಜ್ಜ ಸೊರಬದವನಾದರೂ ಸಿದ್ದಾಪುರದ ಸೋದರಮಾವನ ಮನೆಯಲ್ಲಿದ್ದು ಸೇರಿದ್ದರೆ ದಾಖಲೆಯಲ್ಲಿ ಬೊಂಬಾಯಿಯವನಾಗಿರುತ್ತಾನೆ.

ಹೆಸರನ್ನು ಆನ್‌ಲೈನಿನಲ್ಲಿ ಹುಡುಕುವುದು ಹೇಗೆ?

ಎರಡೂ ಮಹಾಯುದ್ಧಗಳಿಗೆ ಮೊದಲು ನೋಡಬೇಕಾದದ್ದು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿ. 1917ರಲ್ಲಿ ಶುರುವಾದ ಸಂಸ್ಥೆ, ಸುಮಾರು 17 ಲಕ್ಷ ಹೆಸರುಗಳಿವೆ, ದುಡ್ಡು ಕೊಡಬೇಕಿಲ್ಲ. 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31ರವರೆಗೆ ಮತ್ತು 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರವರೆಗೆ ಸೇವೆಯಲ್ಲಿದ್ದು ಸತ್ತವರು ಅದರಲ್ಲಿ ಬರುತ್ತಾರೆ. ಯುದ್ಧ ಮುಗಿದು ಎರಡು ವರ್ಷದ ಮೇಲೆ ಸತ್ತವರೂ ಇರಬಹುದು ಅನ್ನುವುದನ್ನು ಬಹಳ ಜನ ಗಮನಿಸುವುದೇ ಇಲ್ಲ.

ತೊಡಕು ಇರುವುದು ಹೆಸರಿನಲ್ಲಿ. ನಮ್ಮವರಿಗೆ ಮನೆತನದ ಹೆಸರು ಬರೆಸುವ ರೂಢಿ ಇರಲಿಲ್ಲ. ಬರೀ “ಹನುಮಂತಪ್ಪ”, “ಮಂಜ”, “ಬಸವ” ಅಂತಿರುತ್ತದೆ. ಬರೆದುಕೊಂಡ ಗುಮಾಸ್ತೆ ಕನ್ನಡ ಬಲ್ಲವನಲ್ಲ, ಕಿವಿಗೆ ಕೇಳಿದ್ದನ್ನು ಇಂಗ್ಲಿಷಿನಲ್ಲಿ ಬರೆದ. ಕೊನೆಯ “ಪ್ಪ” ಒಂದು ಕಡೆ ಒಂಟಿ ಪಿ, ಇನ್ನೊಂದು ಕಡೆ ಜೋಡಿ ಪಿ. “ಮಂಜ” ಒಂದು ಕಡೆ ಎಯಿಂದ, ಇನ್ನೊಂದು ಕಡೆ ಯುವಿನಿಂದ. ಹಾಗಾಗಿ ಹೆಸರಿನ ಬದಲು ಊರಿನ ಮೇಲೆ ಹುಡುಕುವುದು ವಾಸಿ. ದಾಖಲೆಯ ಕಡೆಯ ಸಾಲಿನಲ್ಲಿ ಇಂಥವರ ಮಗ, ಇಂಥ ಊರು, ಇಂಥ ತಾಲ್ಲೂಕು, ಮೈಸೂರು ಅಂತ ಇರುತ್ತದೆ. ಆಗ ಶಿವಮೊಗ್ಗವನ್ನು ಬರೆಯುತ್ತಿದ್ದದ್ದು “ಶಿಮೋಗ” ಎಂದು. ಚಿಕ್ಕಮಗಳೂರು ಕಡೆಯವರಾದರೆ “ಕಡೂರು ಜಿಲ್ಲೆ” ಅಂತಲೇ ಹುಡುಕಬೇಕು. ಹೊಸನಗರದವರಿಗೆ “ನಗರ ತಾಲ್ಲೂಕು”. ಹೊನ್ನಾಳಿ, ಚನ್ನಗಿರಿ ಈಗ ದಾವಣಗೆರೆಗೆ ಸೇರಿದರೂ ಹಳೆಯ ದಾಖಲೆಗಳಲ್ಲಿ ಶಿವಮೊಗ್ಗ ಜಿಲ್ಲೆಯವೇ.

ಹೆಸರು ಸಿಕ್ಕಿತೆಂದು ಕೂಡಲೇ ವಾಟ್ಸಾಪಿನಲ್ಲಿ ಹಾಕಬೇಡಿ. ಅಪ್ಪನ ಹೆಸರು, ಊರು ಎರಡೂ ತಾಳೆಯಾಗಬೇಕು. ಒಂದೇ ತಾಲ್ಲೂಕಿನಲ್ಲಿ ಒಂದೇ ಹೆಸರಿನವರು ಎಷ್ಟು ಮಂದಿ ಇರುತ್ತಾರೆಂದು ನಿಮ್ಮೂರಿನ ಮತದಾರರ ಪಟ್ಟಿ ನೋಡಿದರೇ ಗೊತ್ತಾಗುತ್ತದೆ.

ಹೆಸರು ಸಿಕ್ಕಿದೆ. ಸಮಾಧಿ ಎಲ್ಲಿ?

ಹಿಂದೂ, ಸಿಖ್ ಸೈನಿಕರಲ್ಲಿ ಬಹಳಷ್ಟು ಮಂದಿಗೆ ಸಮಾಧಿ ಇಲ್ಲ, ಅಲ್ಲೇ ದಹನ ಮಾಡಿದರು. ಶವವೇ ಸಿಗದವರೂ ಇದ್ದಾರೆ. ಇವರ ಹೆಸರುಗಳು ಸ್ಮಾರಕಗಳ ಮೇಲೆ, ಇಲ್ಲವೇ ಸ್ಮಾರಕದ ಪುಸ್ತಕದಲ್ಲಿ ಇರುತ್ತವೆ. ಫ್ರಾನ್ಸಿನಲ್ಲಿ ಸತ್ತವರಿಗೆ ನೂವ್ ಶಪೆಲ್, ಇರಾಕಿನಲ್ಲಿ ಸತ್ತವರಿಗೆ ಬಸ್ರಾ, ಮಲಯ ಸಿಂಗಪುರದವರಿಗೆ ಕ್ರಾಂಜಿ, ಬರ್ಮಾದವರಿಗೆ ರಂಗೂನಿನ ಹತ್ತಿರದ ತೌಕ್ಯಾನ್, ಈಶಾನ್ಯದಲ್ಲಿ ಸತ್ತವರಿಗೆ ಇಂಫಾಲ. ದೆಹಲಿಯ ಇಂಡಿಯಾ ಗೇಟಿನ ಗೋಡೆ ತುಂಬ ಹೆಸರುಗಳಿವೆ, 13,000ಕ್ಕೂ ಹೆಚ್ಚು. ಎಷ್ಟೋ ಜನ ಅದರ ಮುಂದೆ ಐಸ್‌ಕ್ರೀಂ ತಿಂದು ಫೋಟೋ ತೆಗೆಸಿಕೊಂಡು ಬರುತ್ತಾರೆ, ತಲೆಯೆತ್ತಿ ಓದುವವರು ಕಡಿಮೆ.

ಬಸ್ರಾದ ವಿಷಯ ಹೇಳಲೇಬೇಕು. ಅಲ್ಲಿನ ಸ್ಮಾರಕ 40,000ಕ್ಕೂ ಹೆಚ್ಚು ಮಂದಿಯದು. ಬ್ರಿಟಿಷ್ ಸಿಪಾಯಿಗಳ ಹೆಸರನ್ನು ಕಲ್ಲಿನಲ್ಲಿ ಕೆತ್ತಿದರು. ಭಾರತದ ಅಧಿಕಾರಿಗಳದ್ದನ್ನೂ ಕೆತ್ತಿದರು. ಭಾರತದ ಸಾಮಾನ್ಯ ಸಿಪಾಯಿಗಳನ್ನು ಮಾತ್ರ ದಳವಾರು ಎಷ್ಟು ಮಂದಿ ಅಂತ ಲೆಕ್ಕ ಕೊಟ್ಟು ಬಿಟ್ಟರು, ಹೆಸರು ಹೋದದ್ದು ರಿಜಿಸ್ಟರಿಗೆ. 2021ರಲ್ಲಿ ಆಯೋಗವೇ ತನ್ನ ವರದಿಯಲ್ಲಿ ಈ ತಾರತಮ್ಯವನ್ನು ಒಪ್ಪಿಕೊಂಡು ಕ್ಷಮೆ ಕೇಳಿತು. ಹಾಗಾಗಿ ಬಸ್ರಾದಲ್ಲಿ ಅಜ್ಜನ ಹೆಸರಿನ ಕಲ್ಲಿನ ಫೋಟೋ ಬೇಕೆಂದು ಯಾರನ್ನೋ ಕಾಡುವ ಮೊದಲು ರಿಜಿಸ್ಟರಿನ ಪುಟ ನೋಡಿ. 1997ರಲ್ಲಿ ಆ ಸ್ಮಾರಕವನ್ನೇ ಕಿತ್ತು ನಾಸಿರಿಯಾ ದಾರಿಯ ಮರಳುಗಾಡಿಗೆ ಸಾಗಿಸಿದ್ದಾರೆ.

ಪಟ್ಟಿಯಲ್ಲಿ ಹೆಸರೇ ಇಲ್ಲ, ನಿಮ್ಮ ಹತ್ತಿರ ಪುರಾವೆ ಇದೆ ಅಂದರೆ ಸೇರಿಸುವಂತೆ ಆಯೋಗಕ್ಕೆ ಬರೆಯಬಹುದು. ಪುರಾವೆ ಅಂದರೆ ಆ ಕಾಲದ ಕಾಗದ. ಮೊನ್ನೆ ಮೊನ್ನೆ ಮಾಡಿಸಿದ ಅಫಿಡವಿಟ್ಟಿಗೆ ಅಲ್ಲಿ ತೂಕವಿಲ್ಲ.

ಅಜ್ಜ ಸಿಪಾಯಿ ಅಲ್ಲವಂತೆ, ಅಡುಗೆಯವನಂತೆ. ಗುಂಡು ತಗುಲಿ ಅಲ್ಲ, ಜ್ವರ ಬಂದು ಸತ್ತನಂತೆ. ಲೆಕ್ಕಕ್ಕೆ ಬರುತ್ತಾನಾ?

ಬರುತ್ತಾನೆ. ಅಡುಗೆಯವರು, ನೀರು ಹೊರುವವರು, ಹೇಸರಗತ್ತೆ ಹೊಡೆಯುವವರು, ಕೂಲಿ ದಳದವರು, ಇಂಥವರೂ ಆಯೋಗದ ಪಟ್ಟಿಯಲ್ಲಿದ್ದಾರೆ. ಸೇವೆಯಲ್ಲಿದ್ದಾಗ ರೋಗದಿಂದ ಸತ್ತರೂ ಯುದ್ಧದ ಸಾವೇ. ಮೆಸಪೊಟೇಮಿಯಾದಲ್ಲಿ ಬಿಸಿಲು, ಕಾಲರಾ, ಭೇದಿ ತೆಗೆದ ಜೀವಗಳು ಕಡಿಮೆಯಲ್ಲ. ಮನೆಯವರು ಈ ವಿಷಯ ತಿಳಿದು ಮುಖ ಸಣ್ಣ ಮಾಡಿಕೊಳ್ಳುವುದನ್ನು ನೋಡಿದ್ದೇನೆ. ಅಂಥ ಮನೆಗಳಲ್ಲಿ ಮುಂದಿನ ತಲೆಮಾರಿನ ಹೊತ್ತಿಗೆ ಅಡುಗೆಯವ ಸುಬೇದಾರನಾಗಿ ಬಡ್ತಿ ಪಡೆದಿರುತ್ತಾನೆ! ದಯವಿಟ್ಟು ಹಾಗೆ ಮಾಡಬೇಡಿ. ಇದ್ದದ್ದನ್ನು ಇದ್ದ ಹಾಗೆ ಬರೆದಿಟ್ಟರೆ ಮೊಮ್ಮಕ್ಕಳು ದಾಖಲೆ ಹುಡುಕುವಾಗ ತಪ್ಪು ದಾರಿ ಹಿಡಿಯುವುದಿಲ್ಲ.

1962, 1965, 1971, ಶ್ರೀಲಂಕಾ, ಕಾರ್ಗಿಲ್‌ನಲ್ಲಿ ತೀರಿಕೊಂಡವರ ಬಗ್ಗೆ ಎಲ್ಲಿ ಕೇಳಬೇಕು?

ಇದು ಸುಲಭ. ಶಿವಮೊಗ್ಗದಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಜಿಲ್ಲಾ ಕಚೇರಿ ಇದೆ, ಮೊದಲು ಅಲ್ಲಿಗೆ ಹೋಗಿ. ಯಾವ ದಳ ಎಂದು ಗೊತ್ತಿದ್ದರೆ ಆ ದಳದ ರೆಕಾರ್ಡ್ಸ್ ಕಚೇರಿಗೆ ನೇರ ಬರೆಯಿರಿ: ಮದ್ರಾಸ್ ಸ್ಯಾಪರ್ಸ್ ಆದರೆ ಬೆಂಗಳೂರು, ಮರಾಠಾ ಲಘು ಪದಾತಿ ದಳ ಆದರೆ ಬೆಳಗಾವಿ, ಮದ್ರಾಸ್ ರೆಜಿಮೆಂಟ್ ಆದರೆ ನೀಲಗಿರಿಯ ವೆಲ್ಲಿಂಗ್ಟನ್. ಸೈನಿಕ ಸಂಖ್ಯೆ ಇದ್ದರೆ ಉತ್ತರ ಬೇಗ ಬರುತ್ತದೆ. ಇಲ್ಲದಿದ್ದರೆ ಹೆಸರು, ಅಪ್ಪನ ಹೆಸರು, ಊರು, ಸೇರಿದ ಅಂದಾಜು ವರ್ಷ ಬರೆಯಿರಿ. ಉತ್ತರ ಬಾರದಿದ್ದರೆ ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಇದ್ದೇ ಇದೆ. ಪಿಂಚಣಿ ಇಲ್ಲದವರ ಸೇವಾ ಕಡತಗಳನ್ನು 25 ವರ್ಷದ ಮೇಲೆ ನಾಶ ಮಾಡುವ ಪದ್ಧತಿ ಇದೆ. ಆದರೆ ಎಲ್ಲರ ಹೆಸರಿರುವ “ಲಾಂಗ್ ರೋಲ್” ಎಂಬ ದೊಡ್ಡ ರಿಜಿಸ್ಟರ್ ಉಳಿದಿರುತ್ತದೆ, ಅರ್ಜಿಯಲ್ಲಿ ಅದನ್ನು ಹೆಸರಿಟ್ಟೇ ಕೇಳಿ.

ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕ 2019ರ ಫೆಬ್ರವರಿ 25ರಂದು ಉದ್ಘಾಟನೆಯಾಯಿತು. ಸ್ವಾತಂತ್ರ್ಯದ ನಂತರ ಮಡಿದ 25,000ಕ್ಕೂ ಹೆಚ್ಚು ಮಂದಿಯ ಹೆಸರನ್ನು ಅಲ್ಲಿ ಗ್ರಾನೈಟ್ ಹಲಗೆಗಳ ಮೇಲೆ ಕೆತ್ತಿದ್ದಾರೆ. 1947ರ ಹಿಂದಿನವರನ್ನು ಅಲ್ಲಿ ಹುಡುಕಬೇಡಿ.

ದಾಖಲೆಯಲ್ಲಿರುವ ಊರು ಶರಾವತಿಯಲ್ಲಿ ಮುಳುಗಿಹೋಗಿದೆ. ಈಗೇನು ಮಾಡುವುದು?

ಈ ಪ್ರಶ್ನೆ ಸಾಗರ, ಹೊಸನಗರದವರದ್ದೇ. ಹಿರೇಭಾಸ್ಕರ ಅಣೆಕಟ್ಟಿಗೆ ಒಂದಷ್ಟು, 1964ರ ಲಿಂಗನಮಕ್ಕಿಗೆ ಮತ್ತಷ್ಟು ಊರುಗಳು ಹೋದವು. ವಾರಾಹಿ, ಚಕ್ರಾ, ಸಾವೆಹಕ್ಲು ಹಿನ್ನೀರಿನ ಕಥೆ ಬೇರೆ. ನೆಂಟರಿಷ್ಟರು ದಿಕ್ಕುಪಾಲಾದರು. ಅಜ್ಜನ ಊರಿನ ಹೆಸರು ಹೇಳಿದರೆ “ಎಲ್ಲಿ ಬರುತ್ತೆ ಅದು?” ಅನ್ನುವ ತಲೆಮಾರು ಈಗಿನದು.

ಮುಳುಗಿದ ಊರಿನವರಿಗೆ ಒಂದು ಅನುಕೂಲವೂ ಇದೆ. ಪರಿಹಾರ ಕೊಡಲು ಸರ್ಕಾರ ಮನೆ ಮನೆಯ, ಸರ್ವೆ ನಂಬರಿನ ಪಟ್ಟಿ ಮಾಡಿತ್ತು. ಒಬ್ಬ ಮನುಷ್ಯ 1944ರಲ್ಲಿ ಬರ್ಮಾದಲ್ಲಿ ಸತ್ತಿದ್ದರೆ ಅವನ ಪಾಲಿನ ಪರಿಹಾರ ಯಾರ ಹೆಸರಿಗೆ ಹೋಯಿತು ಅನ್ನುವುದರಲ್ಲಿ ವಾರಸುದಾರರು ಸಿಗುತ್ತಾರೆ. ಪುನರ್ವಸತಿಯಾಗಿ ಹೋದ ಊರಿನ ತಾಲ್ಲೂಕು ಕಚೇರಿಯಲ್ಲೂ ಬಿಟ್ಟು ಬಂದ ಊರಿನ ಹೆಸರು ಮಂಜೂರಾತಿ ಕಡತದಲ್ಲಿ ಇರುತ್ತದೆ. ಎರಡೂ ಕಡೆ ವಿಚಾರಿಸಿ. ಹಳೆಯ ಊರಿನ ಹೆಸರು ಬೇರೆ ಯಾರ ಬಾಯಲ್ಲಿ ಇರದಿದ್ದರೂ ಆ ಊರಿನ ದೇವರನ್ನು ಹೊಸ ಜಾಗಕ್ಕೆ ತಂದವರ ಬಾಯಲ್ಲಿ ಇದ್ದೇ ಇರುತ್ತದೆ.

ಜಮೀನಿನ ಕಾಗದದಲ್ಲಿ ಯುದ್ಧದ ಸುಳಿವು ಸಿಗುತ್ತದಾ?

ಸಿಗುತ್ತದೆ, ಮಲೆನಾಡಿನಲ್ಲಂತೂ ಬೇರೆ ಕಡೆಗಿಂತ ಹೆಚ್ಚು. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕೈಬರಹದ ಪಹಣಿ, ಐ.ಎಲ್. (ಇಂಡೆಕ್ಸ್ ಆಫ್ ಲ್ಯಾಂಡ್ಸ್), ಆರ್.ಆರ್. (ರೆಕಾರ್ಡ್ ಆಫ್ ರೈಟ್ಸ್) ಪುಸ್ತಕ, ಖಾತೆ ಬದಲಾವಣೆಯ ಮ್ಯುಟೇಷನ್ ರಿಜಿಸ್ಟರ್ ಕೇಳಿ. ಪವತಿ ಖಾತೆಯಾದ, ಅಂದರೆ ಸತ್ತವರ ಜಮೀನು ವಾರಸುದಾರರ ಹೆಸರಿಗೆ ಹೋದ ವರ್ಷ ನೋಡಿ. ಅಜ್ಜನಿಂದ ನೇರ ಮೊಮ್ಮಗನ ಹೆಸರಿಗೆ ಹೋಗಿದ್ದರೆ, ಅಥವಾ “ಅಜ್ಞಾನ ಮಗ, ಪೋಷಕಿ ತಾಯಿ” (ಅಜ್ಞಾನ ಅಂದರೆ ಇನ್ನೂ ವಯಸ್ಸಿಗೆ ಬಾರದವ) ಅಂತ ಇದ್ದರೆ, ನಡುವಿನ ಗಂಡಸು ಏನಾದ ಅನ್ನುವ ಪ್ರಶ್ನೆ ಅಲ್ಲೇ ಎದ್ದಿತು. ಇನ್ನೊಂದು, ದರಖಾಸ್ತು ಜಮೀನು, ಅಂದರೆ ಅರ್ಜಿ ಹಾಕಿ ಸರ್ಕಾರದಿಂದ ಮಂಜೂರು ಮಾಡಿಸಿಕೊಂಡದ್ದು. ಸೈನಿಕರಿಗೆ, ಮಾಜಿ ಸೈನಿಕರಿಗೆ ಭೂಮಿ ಕೊಡುವ ಪದ್ಧತಿ ಮೊದಲಿನಿಂದಲೂ ಇತ್ತು, 1969ರ ಭೂ ಮಂಜೂರಾತಿ ನಿಯಮಗಳಲ್ಲೂ ಅವರಿಗೆ ಮೀಸಲಿದೆ. ಸಾಗುವಳಿ ಚೀಟಿಯಲ್ಲಿ ಯಾವ ಕೋಟಾದಲ್ಲಿ ಕೊಟ್ಟದ್ದು ಅಂತ ಬರೆದಿರುತ್ತದೆ.

ಇವತ್ತಿನ ಭೂಮಿ ತಂತ್ರಾಂಶದ ಪಹಣಿ ಮಾತ್ರ ನೋಡಿ ಏನೂ ಇಲ್ಲ ಅನ್ನಬೇಡಿ. ಕೈಬರಹದ್ದರಲ್ಲಿ ಇದ್ದದ್ದೆಲ್ಲ ಕಂಪ್ಯೂಟರಿಗೆ ಬಂದಿಲ್ಲ.

ಹೆಳವರನ್ನು ಕೇಳಬಹುದಾ?

ಕೇಳಲೇಬೇಕು. ಶಿಕಾರಿಪುರ, ಸೊರಬದ ಅರೆಮಲೆನಾಡಿಗೆ ಸುಗ್ಗಿ ಮುಗಿದ ಮೇಲೆ ಎತ್ತು, ಗಂಟೆಯೊಂದಿಗೆ ಬಂದು ಮನೆತನದ ವಂಶಾವಳಿ ಹೇಳುವವರು ಇವರು. ಹಿಂದೆ ಬಾಯಲ್ಲಿ ಹೇಳುತ್ತಿದ್ದರು, ಆಮೇಲೆ ಪುಸ್ತಕ ಬಂತು. ನಿಮ್ಮ ಮನೆ ಮೂಲತಃ ಯಾವ ಊರಿನದು, ಯಾವಾಗ ಬಂತು, ಯಾವ ತಲೆಮಾರಿನಲ್ಲಿ ಎಷ್ಟು ಗಂಡುಮಕ್ಕಳು ಅನ್ನುವುದು ಅದರಲ್ಲಿರುತ್ತದೆ. ಸಂತಾನವಿಲ್ಲದೆ ಸತ್ತವನ ಹೆಸರು ಎಷ್ಟೋ ಸಲ ಹೆಳವರ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರುವುದಿಲ್ಲ, ಯುದ್ಧಕ್ಕೆ ಹೋಗಿ ಸತ್ತ ಹುಡುಗರು ಬಹುಪಾಲು ಅಂಥವರೇ. ಅವರ ಪುಸ್ತಕದಲ್ಲಿ ಹೆಣ್ಣುಮಕ್ಕಳ ಹೆಸರು ಕಡಿಮೆ. ಕಾಣಿಕೆಯನ್ನು ಧಾರಾಳವಾಗಿ ಕೊಡಿ, ಪುಸ್ತಕದ ಫೋಟೋ ತೆಗೆಯುವ ಮೊದಲು ಕೇಳಿ.

ನಮ್ಮ ಗದ್ದೆಯ ಅಂಚಿನಲ್ಲಿ ವೀರಗಲ್ಲಿದೆ. ಅದು ನಮ್ಮ ಪೂರ್ವಜರದ್ದೇ ಅಲ್ಲವಾ?

ಇರಲೂಬಹುದು, ಆದರೆ ಕಲ್ಲು ನಿಮ್ಮ ಗದ್ದೆಯಲ್ಲಿದೆ ಅನ್ನುವುದೊಂದೇ ಸಾಕ್ಷಿಯಾಗುವುದಿಲ್ಲ. ನಮ್ಮ ಕಡೆಯ ವೀರಗಲ್ಲುಗಳಲ್ಲಿ ಏಳೆಂಟುನೂರು ವರ್ಷ ಹಳೆಯವು ಸಾಮಾನ್ಯ. ಅಷ್ಟರಲ್ಲಿ ಊರುಗಳು ಹಾಳಾಗಿವೆ, ಮತ್ತೆ ಕಟ್ಟಿವೆ, ಗದ್ದೆಗಳು ಕೈಯಿಂದ ಕೈಗೆ ಹೋಗಿವೆ. ಎಂಟುನೂರು ವರ್ಷ ಅಂದರೆ ಮೂವತ್ತು ತಲೆಮಾರು. “ಕದಂಬರ ಕಾಲದಿಂದ ನಮ್ಮದೇ ವಂಶ” ಅನ್ನುವವರಿಗೆ ನಡುವಿನ ಇಪ್ಪತ್ತೈದು ಹೆಸರು ಹೇಳಿ ಅಂತ ಕೇಳಿ ನೋಡಿ.

ಆದರೂ ಕಲ್ಲನ್ನು ಓದಿಸಿ, ಓದಿಸುವುದು ಒಳ್ಳೆಯದೇ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಲಿಂಗದ ಮುಂದೆ ಅವನು ಕೂತಿರುವುದು, ತುದಿಯಲ್ಲಿ ಸೂರ್ಯ ಚಂದ್ರ. ಇದು ಸಾಮಾನ್ಯ ಕ್ರಮ. ಜೈನ ವೀರನಾದರೆ ಲಿಂಗದ ಜಾಗದಲ್ಲಿ ಜಿನಬಿಂಬ. ಕೆಳಗೆ ಹಸುಗಳಿದ್ದರೆ ತುರುಗೋಳು, ದನ ಹೊಡೆದುಕೊಂಡು ಹೋದವರನ್ನು ತಡೆಯಲು ಹೋಗಿ ಸತ್ತವನು. ಹೆಂಗಸರ ಮಾನ ಕಾಯಲು ಸತ್ತದ್ದು ಪೆಣ್ಬುಯ್ಯಲು. ಹುಲಿ, ಹಂದಿ ಇದ್ದರೆ ಬೇಟೆ, ಯುದ್ಧವಲ್ಲ. ಬಳೆ ತೊಟ್ಟ ತೋಳೊಂದು ಕಂಬದಿಂದ ಚಾಚಿದ್ದರೆ ಮಾಸ್ತಿಕಲ್ಲು. ಬಗ್ಗಿಸಿದ ಗಳುವಿಗೆ ಜುಟ್ಟು ಕಟ್ಟಿಕೊಂಡು ಕೂತವನು ಸಿಡಿತಲೆಯವನು, ಅದು ಹರಕೆಯ ಬಲಿ. ಸಲ್ಲೇಖನ ಮಾಡಿದ, ಅಂದರೆ ಉಪವಾಸವಿದ್ದು ದೇಹ ಬಿಟ್ಟ ಜೈನರದ್ದು ನಿಸಿದಿಗಲ್ಲು. ಇವೆಲ್ಲವನ್ನೂ “ವೀರಗಲ್ಲು” ಅಂತ ಒಂದೇ ಚೀಲಕ್ಕೆ ಹಾಕುವುದರಿಂದಲೇ ಅರ್ಧ ಗೊಂದಲ.

ಬರಹವಿದ್ದರೆ ಬಿ.ಎಲ್. ರೈಸ್ ಸಂಪಾದಿಸಿದ ಶಾಸನಗಳ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ 7 ಮತ್ತು 8ನೇ ಸಂಪುಟ ನೋಡಿ, 1902 ಮತ್ತು 1904ರಲ್ಲಿ ಬಂದವು. ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ ಏಳರಲ್ಲಿ, ಸೊರಬ, ಸಾಗರ, ನಗರ, ತೀರ್ಥಹಳ್ಳಿ ಎಂಟರಲ್ಲಿ. ಚಿಕ್ಕಮಗಳೂರು ಕಡೆಯವರಿಗೆ 6ನೆಯದು. ತಾಲ್ಲೂಕು, ಊರಿನ ಪ್ರಕಾರ ಸಂಖ್ಯೆ ಕೊಟ್ಟಿದ್ದಾರೆ. ನಿಮ್ಮೂರಿನ ಕಲ್ಲು ನೂರು ವರ್ಷದ ಹಿಂದೆಯೇ ಓದಿ ಅಚ್ಚಾಗಿರಬಹುದು. ಬಳ್ಳಿಗಾವೆ, ಉದ್ರಿ ಕಡೆಯವರು ಮೊದಲು ಇದನ್ನೇ ಮಾಡಿ. ಬರಹದಲ್ಲಿ “ನೆತ್ತರುಗೊಡಗೆ” ಅಥವಾ “ಬಾಳ್ಗಳ್ಚು” ಕಂಡರೆ ಗಮನವಿಟ್ಟು ಓದಿ. ನೆತ್ತರುಗೊಡಗೆ ಅಂದರೆ ಸತ್ತವನ ಮನೆಯವರಿಗೆ ಬಿಟ್ಟುಕೊಟ್ಟ ಭೂಮಿ, ಬಾಳ್ಗಳ್ಚು ಅಂದರೆ ಶೌರ್ಯಕ್ಕೆ ಕೊಟ್ಟ ಭೂಮಿ. ಆ ಗದ್ದೆಯ ಹೆಸರು ಈಗಲೂ ಊರಿನಲ್ಲಿ ಬಳಕೆಯಲ್ಲಿದ್ದರೆ ಕಲ್ಲಿಗೂ ನೆಲಕ್ಕೂ ಒಂದು ಎಳೆ ಸಿಕ್ಕಿತು. ವಂಶದ ಎಳೆ ಆಗಲೂ ಬೇರೆಯೇ.

ಕಲ್ಲನ್ನು ಓದಲು ಸೀಮೆಸುಣ್ಣ ಹಚ್ಚಬಹುದಾ? ಮನೆಯ ಹತ್ತಿರ ತಂದು ನಿಲ್ಲಿಸಬಹುದಾ?

ಸುಣ್ಣ, ಹಿಟ್ಟು, ಎನಾಮೆಲ್ ಪೇಂಟ್, ಯಾವುದೂ ಬೇಡ. ಕತ್ತಲಾದ ಮೇಲೆ ಹೋಗಿ ಪಕ್ಕದಿಂದ ಟಾರ್ಚ್ ಬಿಡಿ, ಹಗಲು ಕಾಣದ ಅಕ್ಷರ ಎದ್ದು ಕಾಣುತ್ತದೆ. ಹಾವಸೆಯನ್ನು ಬರೀ ನೀರು, ಮೆದು ಬ್ರಶ್ಶಿನಿಂದ ತೆಗೆಯಿರಿ, ತಂತಿ ಬ್ರಶ್ಶು ಮುಟ್ಟಿಸಬೇಡಿ. ಪಡಿಯಚ್ಚನ್ನು, ಅಂದರೆ ಕಲ್ಲಿನ ಅಕ್ಷರದ ಅಚ್ಚನ್ನು ಕಾಗದದ ಮೇಲೆ, ಬಲ್ಲವರೇ ತೆಗೆಯಲಿ.

ಕಲ್ಲು ಕದಲಿಸಬೇಡಿ. 1961ರ ರಾಜ್ಯ ಕಾಯ್ದೆ, 1972ರ ಪುರಾತನ ವಸ್ತುಗಳ ಕಾಯ್ದೆ ಎರಡೂ ಇವೆ. ನಿಧಿಯಾಸೆಗೆ ಬುಡ ಅಗೆದು ಕಲ್ಲು ಕೆಡವುವವರು ನಮ್ಮ ಜಿಲ್ಲೆಯಲ್ಲಿ ಬಹಳ. ವೀರಗಲ್ಲಿನ ಕೆಳಗೆ ನಿಧಿ ಇಡುವ ಪದ್ಧತಿ ಯಾವ ಕಾಲಕ್ಕೂ ಇರಲಿಲ್ಲ ಮಾರಾಯ್ರೇ, ಅಲ್ಲಿರುವುದು ಮಣ್ಣು! ಅಂಥದ್ದು ಕಂಡರೆ ಪೊಲೀಸರಿಗೆ, ಪುರಾತತ್ವ ಇಲಾಖೆಗೆ ತಿಳಿಸಿ. ದಿಕ್ಕಿಲ್ಲದೆ ಬಿದ್ದಿದ್ದ ಎಷ್ಟೋ ಕಲ್ಲುಗಳನ್ನು ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ಆವರಣಕ್ಕೆ ತಂದು ನಿಲ್ಲಿಸಿದ್ದಾರೆ, ಹೋಗಿ ನೋಡಿ. ಎಣ್ಣೆ, ಅರಿಶಿನ ಹಚ್ಚಿ ಪೂಜೆ ನಡೆಯುವ ಕಲ್ಲಾದರೆ ಆ ಪೂಜೆಯಿಂದಲೇ ಅದು ಉಳಿದಿದೆ, ಪೂಜೆ ಮಾಡುವವರ ಜೊತೆ ಜಗಳ ಬೇಡ.

ನಮ್ಮ ಮನೆತನ ಕೆಳದಿ ಸೈನ್ಯದಲ್ಲಿತ್ತಂತೆ. ಇದಕ್ಕೆ ದಾಖಲೆ ಉಂಟಾ?

ಕೆಳದಿ, ಇಕ್ಕೇರಿ, ಬಿದನೂರು ಆಳಿದ ನಾಯಕರ ಕಾಲ 1499ರಿಂದ 1763. ಆ ಕೊನೆಯ ವರ್ಷ ಹೈದರಾಲಿ ಬಿದನೂರನ್ನು ಹಿಡಿದ. 1783ರಲ್ಲಿ ಅದೇ ಕೋಟೆಯನ್ನು ಇಂಗ್ಲಿಷರು ಹಿಡಿದು, ಟಿಪ್ಪು ವಾಪಸ್ ಕಿತ್ತುಕೊಂಡ. 1830ರ ನಗರ ದಂಗೆಯಲ್ಲಿ ಬೂದಿ ಬಸವಪ್ಪನ ಹಿಂದೆ ರೈತರೇ ನಿಂತರು, ಮರುವರ್ಷ ಮೈಸೂರಿನ ಆಡಳಿತ ಬ್ರಿಟಿಷರ ಕೈಗೆ ಹೋಗಲು ಅದೇ ನೆಪವಾಯಿತು. ಇಷ್ಟೂ ಕಾಳಗಗಳಲ್ಲಿ ಸತ್ತ ಸಾಮಾನ್ಯರ ಹೆಸರಿನ ಪಟ್ಟಿ ಯಾರೂ ಬರೆದಿಡಲಿಲ್ಲ. ಉಳಿದಿರುವುದು ಉಂಬಳಿಯ ಕಾಗದ, ಕಡತ (ಕಪ್ಪು ಬಳಿದ ಬಟ್ಟೆಯ ಮಡಿಕೆ ಪುಸ್ತಕ), ತಾಮ್ರಪಟ, ಮತ್ತೆ “ಸಿಲೇದಾರ”, “ಜಮೇದಾರ” ಅನ್ನುವಂಥ ಮನೆಹೆಸರು. ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಓಲೆಗರಿ, ಕಡತಗಳ ದೊಡ್ಡ ಸಂಗ್ರಹವಿದೆ. ಮನೆಯಲ್ಲಿ ಮಡಿಚಿದ ಕಪ್ಪು ಕಡತ ಇದ್ದರೆ ಒರಲೆ ತಿನ್ನುವ ಮೊದಲು ಅಲ್ಲಿ ತೋರಿಸಿ. ಮೋಡಿ ಅಕ್ಷರ, ಅಂದರೆ ಹಳೆಯ ಕೂಡುಬರಹವಿದ್ದರೆ ಓದಬಲ್ಲವರು ಕಡಿಮೆ, ತಾಳ್ಮೆ ಬೇಕು.

ಸೇನಾಧಿಪತಿಯ ವಂಶ ಅಂತ ಕಾಗದ ಮಾಡಿಕೊಡುವವರೂ ಇದ್ದಾರೆ. ದುಡ್ಡು ಕೇಳಿದ ಕೂಡಲೇ ಎದ್ದು ಬನ್ನಿ.

ಈಸೂರಿನವರನ್ನು ಇದರಲ್ಲಿ ಸೇರಿಸುತ್ತೀರಾ?

ಅದು ಯುದ್ಧವಲ್ಲ, ಸ್ವಾತಂತ್ರ್ಯ ಹೋರಾಟ. 1942ರಲ್ಲಿ “ಏಸೂರು ಕೊಟ್ಟರೂ ಈಸೂರು ಕೊಡೆವು” ಅಂದ ಊರಿನ ಐವರನ್ನು 1943ರ ಮಾರ್ಚಿನಲ್ಲಿ ಗಲ್ಲಿಗೇರಿಸಿದರು. ಅದರ ದಾಖಲೆ ಸೈನ್ಯದ ಕಚೇರಿಗಳಲ್ಲಿ ಸಿಗುವುದಿಲ್ಲ. ನ್ಯಾಯಾಲಯ, ಜೈಲು, ಪೊಲೀಸ್ ಕಡತಗಳಿಗಾಗಿ ಬೆಂಗಳೂರಿನ ರಾಜ್ಯ ಪತ್ರಾಗಾರ ಇಲಾಖೆಯಲ್ಲಿ ವಿಚಾರಿಸಿ.

ಮನೆಯ ಹಿರಿಯರು ಆ ವಿಷಯ ಎತ್ತಿದರೇ ಸಿಟ್ಟಾಗುತ್ತಾರೆ. ಯಾಕಿರಬಹುದು?

ಬಹಳ ಸಲ ಕಾರಣ ಹೆಂಡತಿಯ ಮುಂದಿನ ಬದುಕು. ಹದಿನೆಂಟಕ್ಕೆ ಗಂಡನನ್ನು ಕಳೆದುಕೊಂಡವಳು ಕೂಡಿಕೆಯಾಗಿ ಬೇರೆ ಮನೆ ಸೇರಿರಬಹುದು, ಮೈದುನನ ಜೊತೆಗೇ ಇದ್ದಿರಬಹುದು. ಮರುಮದುವೆಯಾದರೆ ಪಿಂಚಣಿ ನಿಲ್ಲುವ ಕಾಲ, ಅದಕ್ಕೇ ಮುಚ್ಚಿಟ್ಟ ಮನೆಗಳೂ ಇವೆ. ಕೆಲವು ಕಡೆ ಗಂಡ ಸತ್ತೇ ಇರುವುದಿಲ್ಲ, ದಂಡು ಬಿಟ್ಟು ಬಂದು ಊರಿಗೆ ಮುಖ ತೋರಿಸಲಾಗದೆ ಬೇರೆಲ್ಲೋ ಉಳಿದಿರುತ್ತಾನೆ. ಹಿರಿಯರನ್ನು ಮೊಬೈಲ್ ರೆಕಾರ್ಡರ್ ಹಿಡಿದು ಪೀಡಿಸಬೇಡಿ. ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ, ಬದುಕಿರುವವರಿಗೆ ನೋವಾಗುವುದನ್ನು ಬರೆದರೂ ಹೊರಗೆ ಹಾಕಬೇಡಿ.

ಸತ್ತ ತಿಥಿ ಗೊತ್ತಿಲ್ಲ. ಶ್ರಾದ್ಧ ಯಾವತ್ತು ಮಾಡಬೇಕು?

ಪಿತೃಪಕ್ಷದಲ್ಲಿ ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ ಘಾತ ಚತುರ್ದಶಿ. ಆಯುಧದಿಂದ ಸತ್ತವರಿಗೆ ಆ ದಿನ ಮೀಸಲು. ತಿಥಿಯೇ ತಿಳಿಯದವರಿಗೆ ಅಮಾವಾಸ್ಯೆ. ದಾಖಲೆಯಲ್ಲಿ ಇಂಗ್ಲಿಷ್ ತಾರೀಕು ಸಿಕ್ಕರೆ ಆ ವರ್ಷದ ಪಂಚಾಂಗ ನೋಡಿ ತಿಥಿ ತೆಗೆಯಬಹುದು, ನಿಮ್ಮ ಪುರೋಹಿತರೇ ಮಾಡಿಕೊಡುತ್ತಾರೆ. ಶ್ರಾದ್ಧದ ಪದ್ಧತಿ ಇಲ್ಲದ ಮನೆಗಳಲ್ಲಿ ಹಿರಿಯರಿಗೆ ಎಡೆ ಇಡುವ ದಿನ ಇವರ ಹೆಸರನ್ನೂ ಹೇಳಿ ಒಂದು ಎಡೆ ಹೆಚ್ಚು ಇಟ್ಟರಾಯಿತು. ಮುಸ್ಲಿಂ ಮನೆಗಳಲ್ಲಿ ಫಾತೇಹಾ ಓದಿಸುತ್ತಾರೆ, ಕ್ರೈಸ್ತರಿಗೆ ನವೆಂಬರ್ 2 ಇದೆ.

ಊರಿನಲ್ಲಿ ಹೆಸರಿನ ಫಲಕ ಹಾಕಿಸಬೇಕೆಂದಿದ್ದೇವೆ. ಏನೇನು ಬರೆಸಬೇಕು?

ಹೆಸರು, ಅಪ್ಪ ಅಮ್ಮನ ಹೆಸರು, ಮನೆ, ದಳ, ಸತ್ತ ಜಾಗ, ದಿನಾಂಕ. ಇಷ್ಟು ಸಾಕು. ಬಿರುದು ಬೇಡ, ಉದ್ಘಾಟಕರ ಹೆಸರು ಸತ್ತವನ ಹೆಸರಿಗಿಂತ ದೊಡ್ಡ ಅಕ್ಷರದಲ್ಲಂತೂ ಬೇಡ. ಗ್ರಾಮ ಪಂಚಾಯಿತಿಯ ಒಪ್ಪಿಗೆ ಪಡೆದು ಶಾಲೆಯ ಆವರಣದಲ್ಲೋ ಬಸ್ ನಿಲ್ದಾಣದ ಗೋಡೆಯಲ್ಲೋ ಹಾಕಿಸಿ. ನಮ್ಮ ಮಳೆಗೆ ಬಣ್ಣದ ಬೋರ್ಡು ಎರಡು ಮಳೆಗಾಲ ತಡೆಯುವುದಿಲ್ಲ, ಕಲ್ಲಿನಲ್ಲೇ ಕೆತ್ತಿಸಿ. ಅದೇ ಊರಿನ ಬೇರೆ ಜಾತಿಯ, ಬೇರೆ ಕೇರಿಯ ಮನೆಗಳಿಂದಲೂ ಹೋದವರಿದ್ದಾರಾ ಅಂತ ಕಲ್ಲು ಕೆತ್ತಿಸುವ ಮೊದಲೇ ವಿಚಾರಿಸಿ, ಆಮೇಲೆ ಸೇರಿಸಲು ಜಾಗ ಇರುವುದಿಲ್ಲ.